ಎತ್ತಿದ ಕೈ

ಮಠದ ಪಾಠಶಾಲೆಯಲ್ಲಿ ಚಿಕ್ಕ ಮಕ್ಕಳಿಗೆ ಅಕ್ಷರ ಕಲಿಸುವ ಕೆಲಸ ಹೊಸದಾಗಿ ವಹಿಸಿಕೊಂಡಿದ್ದ ಶಿಷ್ಯನೊಬ್ಬ ಗುರುಗಳ ಬಳಿ ಬಂದು ಕೇಳಿದ: "ಕೂಗಿ ಕೂಗಿ ಗಂಟಲು ಕಟ್ಟಿದೆ. ನಾನು ಬಾಯಿ ತೆರೆಯದೆಯೇ ಮಕ್ಕಳು ಸುಮ್ಮನಾಗುವಂತೆ ಮಾಡುವುದು ಹೇಗೆ, ಗುರುಗಳೇ?"

"ಹಾಗೆ ಮಾಡಿದವನೊಬ್ಬನಿದ್ದ," ಎಂದು ಗುರುಗಳು ಹೇಳತೊಡಗಿದರು.

ಒಂದೂರಿನಲ್ಲಿ ಒಬ್ಬ ಉಪಾಧ್ಯಾಯ. ಅವನು ಕೆಟ್ಟವನಲ್ಲ, ಬೆತ್ತ ಹಿಡಿದವನೇ ಅಲ್ಲ. ಇದನ್ನು ಮೊದಲೇ ತಿಳಿದಿರಬೇಕು. ಅವನದು ಒಂದೇ ನಿಯಮ. ಅವನು ಬಲಗೈ ಎತ್ತಿದರೆ ಮಕ್ಕಳೆಲ್ಲ ಕೈಕಟ್ಟಿ, ಕಣ್ಣು ಮುಚ್ಚಿ, ಸದ್ದಿಲ್ಲದೆ ಕೂರಬೇಕು. ಅವನು ಚಪ್ಪಾಳೆ ತಟ್ಟಿದ ಮೇಲೆಯೇ ಕಣ್ಣು ತೆರೆಯಬೇಕು.

ಮಕ್ಕಳಲ್ಲವೇ, ಮೊದಮೊದಲು ಕದ್ದು ನೋಡುತ್ತಿದ್ದರು. ಅದಕ್ಕೆ ಅವನು ಅವರನ್ನು ಪರೀಕ್ಷಿಸುತ್ತಿದ್ದ. ಬೆಕ್ಕಿನಂತೆ ಕೂಗುತ್ತಿದ್ದ, ಹಲಗೆ ಬೀಳಿಸುತ್ತಿದ್ದ, ಅಯ್ಯೋ ಎಂದು ನರಳುತ್ತಿದ್ದ. ಕಣ್ಣು ತೆರೆದವರು ಸೋತಂತೆ. ಸೋತವರಿಗೆ ಹೊಡೆತವಿಲ್ಲ; ಚಪ್ಪಾಳೆಯಾದ ಮೇಲೆ ಉಳಿದವರು ಅವರನ್ನು ನೋಡಿ ನಗುತ್ತಿದ್ದರು, ಅಷ್ಟೇ. ಅಷ್ಟೇ ಸಾಕಾಯಿತು. ಕೆಲವೇ ತಿಂಗಳಲ್ಲಿ ಒಬ್ಬರೂ ಸೋಲದಂತಾದರು.

ಒಂದು ಬೆಳಗ್ಗೆ ಮಗ್ಗಿ ಹೇಳಿಸುತ್ತಿರುವಾಗ ಅವನ ಎಡಗೈ ಜೋತುಬಿತ್ತು. ಎಡಗಾಲು ಕುಸಿಯಿತು. ಗೋಡೆಗೊರಗಿ ನೆಲಕ್ಕೆ ಜಾರಿದ. ಲಕ್ವ ಹೊಡೆದಿತ್ತು. ನಾಲಿಗೆ ಹೊರಳಲಿಲ್ಲ. ಯಾರನ್ನಾದರೂ ಕರೆತನ್ನಿ ಎಂದು ಸನ್ನೆ ಮಾಡಲು ಉಳಿದದ್ದು ಬಲಗೈ ಒಂದೇ. ಅದನ್ನು ಎತ್ತಿದ.

ಮಗ್ಗಿ ತಟ್ಟನೆ ನಿಂತಿತು. ನಲವತ್ತು ಮಕ್ಕಳು ಕಣ್ಣು ಮುಚ್ಚಿದರು.

ಏನಾಯಿತೆಂದು ಅವನಿಗೆ ಕೂಡಲೇ ತಿಳಿಯಿತು. ಕೈ ಇಳಿಸಿದ. ಆದರೆ ಕೈ ಇಳಿಸಿದರೆ ಕಣ್ಣು ತೆರೆಯಿರಿ ಎಂದು ಅವನು ಕಲಿಸಿರಲಿಲ್ಲ. ಚಪ್ಪಾಳೆ ಬೇಕಿತ್ತು. ಒಂದೇ ಕೈಯಲ್ಲಿ ಚಪ್ಪಾಳೆಯಾಗುವುದುಂಟೇ? ನೆಲ ಬಡಿದ. ಯಾರೂ ಅಲುಗಲಿಲ್ಲ. ಗಂಟಲಿನಿಂದ ಗೊರಗೊರ ಸದ್ದು ಹೊರಡಿಸಿದ. ಮುಚ್ಚಿದ ಕಣ್ಣುಗಳ ಕೆಳಗೆ ನಾಲ್ಕಾರು ತುಟಿಗಳು ನಕ್ಕವು. ಅವರು ಈ ಆಟ ಬಲ್ಲವರು.

ಮುಂದಿನ ಸಾಲಿನ ಒಬ್ಬ ಹುಡುಗಿ ಮಾತ್ರ ಒಂದು ಕಣ್ಣು ತೆರೆದಳು. ಅವನ ಸೊಟ್ಟಬಾಯಿ ಕಂಡಳು.

"ಮೇಷ್ಟ್ರು ಯಾಕೋ..."

ಪಕ್ಕದವಳು ಕಣ್ಣು ಮುಚ್ಚಿಕೊಂಡೇ ಅವಳನ್ನು ಚಿವುಟಿದಳು. "ಸುಮ್ನಿರೇ ಹೊನ್ನೀ, ಸೋತೋಗ್ತೀಯ! ಅಣಕಿಸ್ತಾವ್ರೆ ಕಣೇ."

ಹೊನ್ನಿ ಅವನನ್ನೇ ನೋಡಿದಳು. ಅವನು ಕಣ್ಣಲ್ಲೇ ಬೇಡಿದ. ಅವಳು ಹೆದರಿ ಕಣ್ಣು ಮುಚ್ಚಿದಳು.

ಬಾವಿಗೆ ಹೊರಟಿದ್ದ ಇಬ್ಬರು ಹೆಂಗಸರು ಹೊರಗೆ ನಿಂತರು. ಕಿಟಕಿಯಿಂದ ಅವರಿಗೆ ಮಕ್ಕಳ ತಲೆಗಳಷ್ಟೇ ಕಾಣುತ್ತಿದ್ದವು, ನೆಲದಲ್ಲಿ ಬಿದ್ದವನು ಕಾಣುತ್ತಿರಲಿಲ್ಲ.

"ಸೂಜಿ ಬಿದ್ರೂ ಕೇಳ್ತೈತೆ ನೋಡಕ್ಕಾ. ನಮ್ಮನೆ ಕೋತೀನೂ ಇಲ್ಲೇ ಕೂತೈತಾ ಅಂತ!"

"ಮೆಲ್ಲಗೆ ಮಾತಾಡೇ, ಪಾಠ ಕೆಟ್ಟೀತು."

ಅವರು ಹೆಜ್ಜೆಯ ಸದ್ದೂ ಆಗದಂತೆ ಹೋದರು. ಆ ಹೆಜ್ಜೆಗಳು ದೂರವಾಗುವುದನ್ನು ಅವನು ಕೇಳುತ್ತಾ ಬಿದ್ದಿದ್ದ.

ಊಟದ ಹೊತ್ತು ಮೀರಿದರೂ ಮಕ್ಕಳು ಬರಲಿಲ್ಲವೆಂದು ತಾಯಂದಿರು ಬಂದು ಬಾಗಿಲು ತಳ್ಳಿದರು. ಉಪಾಧ್ಯಾಯನ ಮೈ ತಣ್ಣಗಾಗಿತ್ತು. ಮಕ್ಕಳು ಕೈಕಟ್ಟಿ, ಕಣ್ಣು ಮುಚ್ಚಿ ಕುಳಿತೇ ಇದ್ದರು. ಹೆಸರು ಹಿಡಿದು ಕರೆದರೂ ಯಾರೂ ಓಗೊಡಲಿಲ್ಲ. ಕೊನೆಗೆ ಒಬ್ಬ ತಾಯಿ ಅಳುತ್ತಲೇ ಚಪ್ಪಾಳೆ ತಟ್ಟಬೇಕಾಯಿತು.

ಶಿಷ್ಯ ಕೇಳಿದ: "ತಪ್ಪು ಯಾರದು, ಗುರುಗಳೇ? ಮಕ್ಕಳದೇ, ಉಪಾಧ್ಯಾಯನದೇ?"

ಗುರುಗಳು ಹೇಳಿದರು: "ಆ ದಿನ ಆ ಕೋಣೆಯಲ್ಲಿ ನಡೆದದ್ದು ಒಂದೇ ತಪ್ಪು, ಅದನ್ನೂ ಹೊನ್ನಿ ಕೂಡಲೇ ತಿದ್ದಿಕೊಂಡಳು."