ಕೆಮ್ಮು ಯಾರದು?

ನದಿಯ ದಂಡೆಯ ಆ ಆಶ್ರಮದಲ್ಲಿ ಓದು ಮುಗಿಸಿದವರು ಸಭೆಯೆದುರು ಒಂದು ಪ್ರವಚನ ಮಾಡಬೇಕಿತ್ತು. ಅದೂ ಸ್ವಂತ ಮಾತಿನಲ್ಲಿ. ಗುರು ಅಚಲಬೋಧರು ಮೆಚ್ಚಿದರೆ ಪಾಠ ಹೇಳಲು ಅನುಮತಿ. ಇಲ್ಲವಾದರೆ ಬರಿಗೈಯಲ್ಲಿ ಮನೆಗೆ.

ವಾಮದೇವನಿಗೆ ಪಾಠ ಹೇಳುವುದೆಂದರೆ ಪ್ರಾಣ. ಸಭೆಯೆಂದರೆ ಮಾತ್ರ ಅಂಜಿಕೆ.

ಅವನ ಸರದಿ ಬಂತು. ವಿಷಯ ಕ್ಷಮೆ. ನೀರು ಕುಡಿದಷ್ಟು ಸಲೀಸಾಗಿ ಮಾತಾಡಿದ! ಜನ ತಲೆದೂಗಿದರು. ನಡುವೆ ಒಮ್ಮೆ ಎದೆ ಹಿಡಿದುಕೊಂಡು ಕೆಮ್ಮಿ, ಸಾವರಿಸಿಕೊಂಡು ಮುಂದುವರಿಸಿದ.

ಗುರುಗಳು ತಾವೇ ಎದ್ದು ಹೋಗಿ ಒಂದು ಚೊಂಬು ನೀರು ತಂದರು.

“ಕುಡಿಯಪ್ಪಾ.”

“ನನಗೆ ಕೆಮ್ಮಿಲ್ಲ, ಗುರುಗಳೇ.”

“ಮತ್ತೆ ಈಗ ಕೆಮ್ಮಿದ್ದು ಯಾರು?”

ವಾಮದೇವನ ಕಣ್ಣು ಮೂಲೆಯತ್ತ ಹೋಯಿತು. ಅಲ್ಲಿ ಹಿರಿಯ ಶಿಷ್ಯ ಉಮಾಕಾಂತ ಕೂತಿದ್ದ, ಉಬ್ಬಸದ ಮನುಷ್ಯ. ಹಿಂದೊಮ್ಮೆ ಬೇರೆ ಸಭೆಯಲ್ಲಿ ಈ ಪ್ರವಚನ ಮಾಡಿದವನು ಅವನೇ. ಇದೇ ಮಾತಿನ ನಡುವೆ ಕೆಮ್ಮಿದ್ದ. ಅಂದು ಗುರುಗಳ ಪಕ್ಕದಲ್ಲೇ ಕೂತು ಕೇಳಿ ಬಾಯಿಪಾಠ ಮಾಡಿದ ನಮ್ಮ ಪುಣ್ಯಾತ್ಮ ಕೆಮ್ಮನ್ನೂ ಬಿಟ್ಟಿರಲಿಲ್ಲ!

“ಕೆಮ್ಮು ಉಮಾಕಾಂತಣ್ಣನದು. ಮಾತೂ ಅವರದೇ.”

“ಯಾಕೆ ತಗೊಂಡೆ?”

“ನನ್ನ ಹತ್ತಿರ ಹೇಳೋದಕ್ಕೆ ಏನೂ ಇಲ್ಲ ಅನ್ನಿಸಿತು. ಹೆದರಿಬಿಟ್ಟೆ.”

ತಲೆದೂಗಿದವರೇ ಈಗ ಛೀ ಎಂದರು. ವಾಮದೇವ ಕ್ಷಮೆ ಕೇಳಲು ಉಮಾಕಾಂತನತ್ತ ತಿರುಗಿದ. ಎಷ್ಟು ಹೆಣಗಿದರೂ ಮಾತೇ ಹೊರಡಲಿಲ್ಲ. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

ಉಮಾಕಾಂತನೇ ಎದ್ದು ನಿಂತ. “ಬೇಜಾರಾಯ್ತು ಕಣೋ, ಸುಳ್ಳು ಹೇಳಲ್ಲ. ಆದ್ರೂ ನೀನು ನನ್ನ ತಮ್ಮನೇ. ಮಾತಾಡು.”

ವಾಮದೇವನ ಕಣ್ಣು ತುಂಬಿ ಬಂತು. “ತಪ್ಪಾಯ್ತು, ಅಣ್ಣಾ.”

ಅಷ್ಟರಲ್ಲಿ ಮುಂದೆ ಕೂತಿದ್ದ ಹೆಂಗಸೊಬ್ಬಳು ವಾಮದೇವನನ್ನೇ ಕೇಳಿದಳು: “ಸ್ವಾಮೀ, ನನ್ನ ತಂಗಿ ನನಗೆ ಅನ್ಯಾಯ ಮಾಡಿದಾಳೆ. ಬಾಗಿಲ ತನಕ ಬರ್ತಾಳೆ, ತುಟಿ ಬಿಚ್ಚದೆ ವಾಪಸ್ ಹೋಗ್ತಾಳೆ. ಎಷ್ಟು ಸೊಕ್ಕು ನೋಡಿ! ಹಂಗಿದ್ರೂ ಕ್ಷಮಿಸ್ಬೇಕಾ?”

ಉಮಾಕಾಂತನ ಪ್ರವಚನದಲ್ಲಿ ಇದಕ್ಕೆ ಉತ್ತರವಿರಲಿಲ್ಲ. ವಾಮದೇವ ತಡವರಿಸುತ್ತಲೇ ಹೇಳಿದ.

“ಅದು ಸೊಕ್ಕಲ್ಲ, ತಾಯೀ. ತಪ್ಪು ಮಾಡಿದವರಿಗೆ ಗಂಟಲು ಕಟ್ಟುತ್ತೆ. ಈಗ ತಾನೇ ನನಗೆ ಕಟ್ಟಿತ್ತು. ಮೊದಲ ಮಾತು ನೀವೇ ಆಡಿಬಿಡಿ. ಎರಡನೇದು ಅವರ ಬಾಯಿಂದ ತಾನಾಗೇ ಬರುತ್ತೆ.”

ಹೆಂಗಸು ಸೆರಗಿನಿಂದ ಕಣ್ಣೊರೆಸಿಕೊಂಡಳು. ಸಭೆ ಮುಗಿಯುವ ತನಕ ಕಾಯದೆ ತಂಗಿಯ ಮನೆ ಕಡೆ ಹೊರಟೇಬಿಟ್ಟಳು.

ಇಡೀ ಸಭೆ ಎದ್ದು ನಿಂತಿತು. ಎಲ್ಲರಿಗಿಂತ ಜೋರಾಗಿ “ಭಲೇ!” ಅಂದವನು ಉಮಾಕಾಂತ. ಹುಟ್ಟಿದಾಗಿನಿಂದ ವಾಮದೇವನಿಗೆ ಅಂಥ ಸಂತೋಷ ಆಗಿರಲಿಲ್ಲ.

ಆದರೂ ಗುರುಗಳ ಕಾಲಿಗೆರಗಿ ಹೇಳಿದ: “ಕದ್ದವನು ನಾನು. ಅನುಮತಿ ಕೇಳೋ ಮುಖ ಇಲ್ಲ.”

ಗುರುಗಳು ಅವನ ಭುಜ ಹಿಡಿದು ಎಬ್ಬಿಸಿದರು.

“ಅನುಮತಿ ನಾನು ಕೇಳಬೇಕಪ್ಪಾ. ನಾಳೆ ಪಕ್ಕದೂರಿನ ಸಭೆಯಲ್ಲಿ ಈ ಮಾತು ಹೇಳೋಣ ಅಂತಿದ್ದೇನೆ. ವಾಮದೇವ ಹೇಳಿದ್ದು ಅಂತ ಹೇಳಲೇ?”