‘ನಾನು’ ಎಂದು ಬರೆಯುವವನು

"ಅಯ್ಯನವರೇ, ಬ್ಯಾರೆಯವರ ಸಲುವಾಗಿ ಪ್ರಾರ್ಥನೆ ಮಾಡೋದು ಹೆಂಗ್ರಿ?"

ಕೇಳಿದವಳು ಪ್ರಿಸ್ಕಿಲ್ಲ. ಚರ್ಚಿನ ಸಭೆಯ ಹೆಣ್ಣುಮಕ್ಕಳ ಬುಧವಾರದ ಪ್ರಾರ್ಥನೆಯನ್ನು ನಡೆಸುವವಳು ಅವಳೇ. ಎದುರಿಗೆ ಕೂತವರು ಜ್ಞಾನಮಿತ್ರ ಅಯ್ಯನವರು. ಅವಳಿಗೆ ಸತ್ಯವೇದ ಓದುವುದನ್ನು ಕಲಿಸಿದವರು, ಈಗ ವಯಸ್ಸಾಗಿ ಸಭೆಯ ಕೆಲಸ ಬಿಟ್ಟು ಮನೆಯ ಕಟ್ಟೆ ಹಿಡಿದವರು.

"ಈ ಪುಸ್ತಕದಾಗ ನಮಗ ಪ್ರಾರ್ಥನೆ ಮಾಡ್ರಿ ಅಂದವರ ನೂರಾ ನಲವತ್ತು ಹೆಸರು ಅದಾವ್ರಿ" ಎಂದು ಅವಳು ಮುಂದುವರಿಸಿದಳು. "ಅದರ ಮ್ಯಾಲೆ ಪೇಪರಿನಾಗ ಬಂದ ಯುದ್ಧ, ನೆರೆ, ಭೂಕಂಪ. ಒಂದೂ ಬಿಡದಂಗ ಓದ್ತೀನಿ. ಆದರ ಸಾಲ್ಯಾಗ ಹಾಜರಿ ಕೂಗಿದಂಗ ಆಗೇತ್ರಿ. ಮನಸ್ಸು ಅಳ್ಳಾಡಂಗಿಲ್ಲ. ಹಿಂಗ ಬೇಡಿಕೊಂಡರ ದೇವರಿಗೆ ಮೋಸ ಮಾಡಿದಂಗಲ್ಲೇನು? ಇದನ್ನ ಬ್ಯಾರೆ ಯಾರಿಗಾದ್ರೂ ಕೊಡ್ರಿ. ನನ್ನ ಕೈಲೆ ಆಗಂಗಿಲ್ಲ."

ಅವಳು ಪುಸ್ತಕವನ್ನು ಚಾಚಿದಳು. ಅಯ್ಯನವರು ಕೈ ನೀಡಲಿಲ್ಲ. "ಕುಂದರವ್ವಾ" ಎಂದರು. ಮಾತಿನಲ್ಲಿ ಊರಿನ ಕನ್ನಡವಾದರೂ ಕತೆ ಹೇಳುವಾಗ ಅವರು ಪುಸ್ತಕದ ಕನ್ನಡಕ್ಕೆ ಹೊರಳುತ್ತಿದ್ದರು. ಹಾಗೆಯೇ ಹೇಳತೊಡಗಿದರು.

ಒಂದು ರಾಜ್ಯದಲ್ಲಿ ಒಬ್ಬ ಅರ್ಜಿ ಬರೆಯುವವನಿದ್ದ. ದೊರೆಯ ಕಚೇರಿಯ ಹೊರಗಿನ ಕಟ್ಟೆಯ ಮೇಲೆ ಅವನ ಜಾಗ. ಅಕ್ಷರ ಬಾರದವರು ಬಂದು ತಮ್ಮ ಕಷ್ಟ ಹೇಳಿಕೊಳ್ಳುತ್ತಿದ್ದರು, ಅವನು ಬರೆದು ಅರ್ಜಿಯ ಪೆಟ್ಟಿಗೆಗೆ ಹಾಕುತ್ತಿದ್ದ. ಸಂಜೆ ಕಚೇರಿಯ ಆಳು ಬಂದು ಪೆಟ್ಟಿಗೆಯನ್ನು ಒಳಗೆ ಹೊತ್ತುಕೊಂಡು ಹೋಗುತ್ತಿದ್ದ. ದೊರೆಯನ್ನು ಹೊರಗಿನವರು ಯಾರೂ ಕಂಡಿರಲಿಲ್ಲ. ಆದರೆ ಬಂದ ಅರ್ಜಿಗಳನ್ನೆಲ್ಲ ಅವನು ತಾನೇ ಓದುತ್ತಾನೆ ಎಂದು ಎಲ್ಲರೂ ಹೇಳುತ್ತಿದ್ದರು.

ಆ ಕಚೇರಿಯಲ್ಲಿ ಒಂದು ಪದ್ಧತಿ ಇತ್ತು. ಬರೆಯುವವನು ಯಾರೇ ಆಗಲಿ, ಅರ್ಜಿ ಮಾತ್ರ ಕಷ್ಟಪಟ್ಟವರ ಬಾಯಿಂದಲೇ ಬಂದಂತೆ ಇರಬೇಕು. ‘ಅವಳು’ ಎನ್ನುವಂತಿಲ್ಲ, ‘ನಾನು’ ಎನ್ನಬೇಕು. ಹೀಗಾಗಿ ನಮ್ಮವನು ಬೆಳಿಗ್ಗೆ ವಿಧವೆ, ಊಟದ ಹೊತ್ತಿಗೆ ಕುರುಡ, ಇಳಿಹೊತ್ತಿಗೆ ಬಾಣಂತಿ. ಮೀಸೆ ತಿರುವಿಕೊಂಡು ‘ನಾನು ಏಳು ತಿಂಗಳ ಬಸುರಿ’ ಎಂದು ಬರೆಯುತ್ತಿದ್ದ. ಕೇಳಿದರೆ ನಗು ಬರುತ್ತದೆ. ಅವನಿಗೆ ನಗುವೂ ಬರುತ್ತಿರಲಿಲ್ಲ, ಅಳುವೂ ಬರುತ್ತಿರಲಿಲ್ಲ. ಕೈಗೆ ಹತ್ತಿದ ಮಸಿ ತೊಳೆದುಕೊಂಡು ಮನೆಗೆ ಹೋಗಿ ಹೊಟ್ಟೆತುಂಬ ಉಂಡು ಮಲಗುತ್ತಿದ್ದ.

ಹಾಗೆಂದು ಕೆಟ್ಟವನಲ್ಲ. ಅಕ್ಷರ ಮುತ್ತು ಪೋಣಿಸಿದ ಹಾಗಿರುತ್ತಿತ್ತು. ಮೊದಲ ಅರ್ಧ ಪುಟ ಬರೀ ದೊರೆಯ ಬಿರುದುಗಳು. ಕೆಲಸದಲ್ಲಿ ಪಳಗಿದ ಮೇಲೆ ಇನ್ನೊಂದು ಚಟ ಹತ್ತಿತು. ಕಷ್ಟವನ್ನು ಬರೆದು ಸುಮ್ಮನಾಗದೆ, ದೊರೆ ಏನೇನು ಮಾಡಬೇಕು ಎಂಬುದನ್ನೂ ಕೆಳಗೆ ಬರೆಯತೊಡಗಿದ. ಯಾವ ಅಧಿಕಾರಿಯನ್ನು ಎಲ್ಲಿಗೆ ಕಳಿಸಬೇಕು, ಮೊದಲು ಯಾವ ಕೆಲಸ ಆಗಬೇಕು, ಯಾರ ಮೇಲೆ ಸಿಟ್ಟಾಗಬೇಕು. ಪಾಪ, ದೊರೆಗೆ ರಾಜ್ಯ ಆಳುವುದು ಹೊಸದು ನೋಡು. ನಾನೂ ಮೂವತ್ತು ವರ್ಷ ಸಭೆಯ ಮುಂದೆ ನಿಂತು, ಕಣ್ಣು ಮುಚ್ಚಿಕೊಂಡು ಇದನ್ನೇ ಮಾಡಿದ್ದೇನೆ. ಅದಕ್ಕೇ ಇಷ್ಟು ಚೆನ್ನಾಗಿ ಗೊತ್ತು.

ಒಂದು ವರ್ಷ ಗಡಿಯಲ್ಲಿ ಯುದ್ಧ ಬಂತು. ಅದೇ ವರ್ಷ ಹೊಳೆ ಉಕ್ಕಿ ಊರುಗಳು ಮುಳುಗಿದವು. ಅರ್ಜಿ ಬರೆಸುವವರ ಸಾಲು ಕಟ್ಟೆ ದಾಟಿ ಬೀದಿಗೆ ಹೋಯಿತು. ಒಬ್ಬೊಬ್ಬರನ್ನೇ ಕೂರಿಸಿಕೊಂಡು ಕೇಳುತ್ತ ಹೋದರೆ ಇದು ಮುಗಿಯುವ ಕೆಲಸವಲ್ಲ ಎಂದು ಅವನು ಒಂದು ಉಪಾಯ ಹೂಡಿದ. ‘ಸಕಲ ಪ್ರಜೆಗಳ ಸಕಲ ಸಂಕಷ್ಟಗಳನ್ನೂ ಮಹಾಸ್ವಾಮಿಯವರು ಪರಿಹರಿಸಬೇಕು’ ಎಂದು ನೂರಾರು ಹಾಳೆಗಳನ್ನು ಮೊದಲೇ ಬರೆದಿಟ್ಟುಕೊಂಡ. ಊರಿನ ಹೆಸರಿಗೆ ಮಾತ್ರ ಜಾಗ ಬಿಟ್ಟಿದ್ದ. ಬಂದವರ ಊರು ಕೇಳುವುದು, ಬಿಟ್ಟ ಜಾಗ ತುಂಬುವುದು, ಪೆಟ್ಟಿಗೆಗೆ ಹಾಕುವುದು. ಆ ಹಾಳೆಯಲ್ಲಿ ‘ನಾನು’ ಎಂಬುದು ಎಲ್ಲಿಯೂ ಇರಲಿಲ್ಲ. ಪದ್ಧತಿ ತಪ್ಪಿತಲ್ಲ ಎಂದು ಕೇಳುವವರೂ ಇರಲಿಲ್ಲ. ಕೆಲಸ ಬೇಗ ಮುಗಿಯುತ್ತಿತ್ತು, ಮನಸ್ಸಿಗೂ ಹಗುರವಾಗಿತ್ತು.

ಪ್ರಿಸ್ಕಿಲ್ಲ ತನ್ನ ಪುಸ್ತಕವನ್ನು ಮೆಲ್ಲಗೆ ಸೆರಗಿನಡಿಗೆ ಸರಿಸಿಕೊಂಡಳು. ಅಯ್ಯನವರು ನೋಡಿಯೂ ನೋಡದವರಂತೆ ಮುಂದುವರಿಸಿದರು.

ಒಂದು ಮಧ್ಯಾಹ್ನ ಒಬ್ಬ ಹೆಂಗಸು ಬಂದಳು. ಬಹಳ ದೂರ ನಡೆದು ಬಂದಿದ್ದಳು. ಕೂರು ಎನ್ನುವ ಮೊದಲೇ ಮಾತು ಶುರು ಮಾಡಿದಳು.

"ಬರೀರಿ ಯಪ್ಪಾ. ನಮ್ಮೂರ ಬಾವಿ ಕೆಟ್ಟೈತಿ. ಮೂರು ಕೂಸು ಹೋದುವು. ನಾಕನೇದು ಮಲಗೈತಿ. ಒಳ್ಳೆ ನೀರು ಸಿಕ್ಕರ ಉಳೀತೈತಿ ಅಂದಾರ. ದೊರಿ ನೀರಿನ ಬಂಡಿ ಕಳಸಬೇಕು. ಇವತ್ತ ಕಳಸಬೇಕು."

ಅವನು ಬರೆದಿಟ್ಟ ಹಾಳೆಯೊಂದನ್ನು ತೆಗೆದು ಊರಿನ ಹೆಸರು ಕೇಳಿದ. ಅವಳು ಅದರಲ್ಲಿ ಏನು ಬರೆದಿದೆ ಎಂದು ಕೇಳಿದಳು. ಅವನು ರಾಗವಾಗಿ ಓದಿ ಹೇಳಿದ. ಅವಳು ಕೊನೆಯವರೆಗೂ ಕೇಳಿ, "ಇದರಾಗ ನನ್ನ ಕೂಸು ಎಲ್ಲೈತ್ರಿ?" ಎಂದಳು.

ಅವನಿಗೆ ರೇಗಿತು. ಆದರೂ ಹೊಸ ಹಾಳೆ ತೆಗೆದುಕೊಂಡ. ವಿಚಾರಿಸಿದಾಗ ಆ ಕೂಸು ಅವಳದಲ್ಲ, ನೆರೆಮನೆಯವರದು, ಅದರ ತಾಯಿಯೂ ಜ್ವರದಲ್ಲಿ ಮಲಗಿದ್ದಾಳೆ ಎಂದು ಗೊತ್ತಾಯಿತು.

"ಹಂಗಾದರ ನೆರೆಮನೆಯ ಕೂಸು ಅಂತ ಬರೀತೀನಿ" ಎಂದ. "ನಾನು ಸುಳ್ಳು ಬರೆಯೋನಲ್ಲ."

"ನನ್ನ ಕೂಸು ಅಂತನ ಬರೀರಿ" ಎಂದಳು ಅವಳು. "ನೀವು ಊರಮಂದಿ ಕಷ್ಟಕ್ಕೆಲ್ಲ ನಾನು, ನಾನು ಅಂತ ಬರೀತಿದ್ರಂತ. ಅದು ಖರೇನೋ, ಸುಳ್ಳೋ?"

ಇಂಥ ಪ್ರಶ್ನೆಯನ್ನು ಅವನಿಗೆ ಯಾರೂ ಕೇಳಿರಲಿಲ್ಲ. ‘ನನ್ನ’ ಎಂದು ಬರೆದ. ಮುಂದೆ ಕೈ ಓಡಲಿಲ್ಲ. ಸ್ವಲ್ಪ ಬಿಸಿಲಿಳಿಯಲಿ ಎಂದು ಅವಳಿಗೆ ಹೇಳಿ ಕಂಬಕ್ಕೆ ಒರಗಿದ. ಉಂಡ ಹೊಟ್ಟೆ, ಮಧ್ಯಾಹ್ನದ ಗಾಳಿ. ಅವಳು ಕೆಳಗಿನ ಮೆಟ್ಟಿಲ ಮೇಲೆ ಕೂತು ಅರ್ಜಿಯ ಪೆಟ್ಟಿಗೆಯನ್ನೇ ನೋಡುತ್ತಿದ್ದಳು. ಸಂಜೆಯಾದರೆ ಅದು ಒಳಗೆ ಹೋಗುತ್ತದೆ, ಆಮೇಲೆ ನಾಳೆಯೇ. ಕೂಸಿಗೆ ನಾಳೆಯವರೆಗೆ ಹೊತ್ತಿರಲಿಲ್ಲ.

ಅವನಿಗೆ ಕಣ್ಣು ಹತ್ತಿತು. ಕಣ್ಣು ಹತ್ತಿದ್ದೇ ತಡ, ಒಳಗಿನಿಂದ ಯಾರೋ ಅವನನ್ನು ಕರೆದರು.

ಎದ್ದು ಹೋದ. ಪಡಸಾಲೆಯ ಹಿಂದೆ ಪಡಸಾಲೆ, ಅದರ ಹಿಂದೆ ಇನ್ನೊಂದು. ನಡೆದರೆ ಹೆಜ್ಜೆಯ ಸಪ್ಪಳವಿಲ್ಲ. ಕೊನೆಯ ಪಡಸಾಲೆಯಲ್ಲಿ ಸಿಂಹಾಸನ ಇರಲಿಲ್ಲ. ದೊರೆ ನೆಲದ ಮೇಲೆ ಕೂತಿದ್ದ. ಮುಖದ ಮೇಲೆ ಹಾಳೆಯ ನೆರಳು ಬಿದ್ದಿತ್ತು. ಅವನ ಸುತ್ತಲೂ ಹಾಳೆಗಳು, ಎಲ್ಲವೂ ಅರ್ಜಿಯವನದೇ ಕೈಬರಹ. ದೊರೆ ಸಾಲಿನ ಕೆಳಗೆ ಬೆರಳಿಟ್ಟುಕೊಂಡು ನಿಧಾನವಾಗಿ ಓದುತ್ತಿದ್ದ, ದೂರದಲ್ಲಿರುವ ಮಗಳ ಕಾಗದ ಓದುವ ತಂದೆಯ ಹಾಗೆ.

ಬಿರುದುಗಳಿದ್ದ ಅರ್ಧ ಪುಟವನ್ನು ಅವನು ಹಾರಿಸಿಬಿಡುತ್ತಿದ್ದ. ಸಲಹೆಗಳ ಹತ್ತಿರ ಬಂದಾಗ ಸಣ್ಣಗೆ ನಗುತ್ತಿದ್ದ. ‘ನಾನು’ ಎಂದಿರುವಲ್ಲಿ ಮಾತ್ರ ಬೆರಳು ನಿಲ್ಲುತ್ತಿತ್ತು. ಹಾಗೆ ನಿಂತಾಗ ಒಮ್ಮೆ ಅರ್ಜಿಯವನ ಕಡೆ ತಿರುಗಿ, "ನಿನ್ನ ಗಂಡ ಹೋಗಿ ಎಷ್ಟು ದಿನಾ ಆತವ್ವಾ?" ಎಂದು ಕೇಳಿದ.

ದೊರೆಯ ಮಾತು ಥೇಟು ಅವನ ತಾಯಿಯ ಮಾತಿನಂತಿತ್ತು. ‘ಅದು ನಾನಲ್ಲ, ನಾನು ಬರೆಯುವವನು ಅಷ್ಟೇ’ ಎನ್ನಲು ಅವನು ಬಾಯಿ ತೆರೆದ. ಮುಂಗೈ ನೋಡಿಕೊಂಡರೆ ಬಳೆ ಒಡೆದ ಗಾಯಗಳಿದ್ದವು. ಎಂದೂ ಇರದ ಗಂಡನಿಗಾಗಿ ಅವನು ಅತ್ತ. ಆ ಅಳು ನಿಜವಾದದ್ದು, ಎದೆ ನಿಜವಾಗಿಯೂ ನೋಯುತ್ತಿತ್ತು.

ಮುಂದಿನ ಹಾಳೆಗೆ ಅವನ ಕಣ್ಣು ಕತ್ತಲಾಯಿತು, ದೊರೆಯ ದನಿಯೊಂದೇ ಉಳಿಯಿತು. ಅದರ ಮುಂದಿನದಕ್ಕೆ ಬೆಳಕು ಮರಳಿತು, ಆದರೆ ಪಾದಗಳು ಒದ್ದೆಯಾಗಿದ್ದವು, ಕೈಯಲ್ಲಿ ಮುಳುಗಿದ ಮನೆಯೊಂದರ ಬೀಗದ ಕೈ ಇತ್ತು. ಹೀಗೆ ಎಷ್ಟು ಹೊತ್ತು ಹೋಯಿತೋ ಅವನಿಗೆ ತಿಳಿಯಲಿಲ್ಲ. ಯಾರು ಯಾರೋ ಅವನೊಳಗೆ ಬಂದರು, ತುಸು ಹೊತ್ತು ಕೂತರು, ಎದ್ದು ಹೋದರು. ಅವರಲ್ಲಿ ಒಬ್ಬರೂ ಹೊರಗಿನವರು ಎನ್ನಿಸಲಿಲ್ಲ.

ಆಮೇಲೆ ದೊರೆ ಊರಿನ ಹೆಸರು ತುಂಬಿದ ಹಾಳೆಗಳನ್ನು ಕೈಗೆತ್ತಿಕೊಂಡ. ತಿರುಗಿಸಿ ನೋಡಿದ, ಬೆಳಕಿಗೆ ಹಿಡಿದು ನೋಡಿದ. "ಇದರಾಗ ಯಾರೂ ಇಲ್ಲಲ್ಲೋ" ಎಂದ. ಸಿಟ್ಟಿನಿಂದ ಹೇಳಿದ್ದಲ್ಲ. ಬಾಗಿಲು ಬಡಿದ ಸಪ್ಪಳ ಕೇಳಿ, ಎದ್ದು ಬಂದು ತೆರೆದರೆ ಯಾರೂ ಇಲ್ಲದಾಗ ಆಗುತ್ತದಲ್ಲ, ಅಂಥ ಬೇಸರ ಆ ದನಿಯಲ್ಲಿತ್ತು. ಅರ್ಜಿಯವನು ನಾಚಿಕೆಯಿಂದ ತಲೆ ತಗ್ಗಿಸಿದ.

ಕೊನೆಗೆ ಒಂದೇ ಹಾಳೆ ಉಳಿಯಿತು. ಅದರಲ್ಲಿ ‘ನನ್ನ’ ಎಂದು ಮಾತ್ರ ಇತ್ತು. ದೊರೆ ಅದನ್ನು ಓದಿದ್ದೇ ಅರ್ಜಿಯವನ ತೋಳಿನಲ್ಲಿ ಒಂದು ಕೂಸು ಇತ್ತು. ಮಕ್ಕಳನ್ನು ಎತ್ತಿ ರೂಢಿಯಿದ್ದವನಲ್ಲ ಅವನು. ಹೇಗೆ ಹಿಡಿಯಬೇಕೆಂದೂ ತಿಳಿಯಲಿಲ್ಲ. ಮೈ ಕೆಂಡದ ಹಾಗೆ ಸುಡುತ್ತಿತ್ತು. ಕೂಸು ಅಳುತ್ತಿರಲಿಲ್ಲ, ಅಳುವಷ್ಟು ತ್ರಾಣ ಅದಕ್ಕಿರಲಿಲ್ಲ.

"ಹೇಳು, ಏನು ಬೇಕು?" ಎಂದ ದೊರೆ.

ಅವನಿಗೆ ಒಂದು ಬಿರುದೂ ನೆನಪಾಗಲಿಲ್ಲ. ಬಂಡಿ ಎಲ್ಲಿಂದ ಹೊರಡಬೇಕು, ಯಾವ ದಾರಿಯಲ್ಲಿ ಬರಬೇಕು ಎಂಬುದೊಂದೂ ಹೊಳೆಯಲಿಲ್ಲ. "ನೀರು" ಎಂದ. ಅಷ್ಟೇ ಅವನ ಬಾಯಿಂದ ಬಂದದ್ದು.

ದೊರೆ ಹಾಳೆಯನ್ನು ಕೆಳಗಿಟ್ಟ. ಆಗ ಅವನ ಮುಖ ಸರಿಯಾಗಿ ಕಂಡಿತು. ದೊರೆಯ ತುಟಿಗಳು ಒಡೆದಿದ್ದವು. ಬಹಳ ದಿನದಿಂದ ನೀರು ಕಾಣದವನ ತುಟಿಗಳು. ಈ ಕೂಸಿನ ಹಾಸಿಗೆಯ ಬಳಿಗೆ ದೊರೆ ತನಗಿಂತ ಮೊದಲೇ ಹೋಗಿ ಕೂತಿದ್ದಾನೆ ಎಂದು ಅರ್ಜಿಯವನಿಗೆ ಅರ್ಥವಾಯಿತು. ತಾನು ಅವನಿಗೆ ಹೊಸ ಸುದ್ದಿಯನ್ನೇನೂ ತಂದಿಲ್ಲ. ಅವನು ಕೂತಿರುವ ಜಾಗಕ್ಕೆ ತಾನು ಈಗ ಬಂದಿದ್ದೇನೆ, ಅಷ್ಟೇ.

ಎಚ್ಚರವಾದಾಗ ಬಿಸಿಲು ಮೆಟ್ಟಿಲಿಳಿದಿತ್ತು. ಆಳು ಪೆಟ್ಟಿಗೆಯನ್ನು ಎತ್ತಲು ಬಗ್ಗಿದ್ದ. ಆ ಹೆಂಗಸು ಅದರ ಮೇಲೆ ಎರಡೂ ಕೈ ಊರಿ, ಬಿಡದೆ ನಿಂತಿದ್ದಳು. ಅರ್ಜಿಯವನು ‘ನನ್ನ’ ಎಂಬುದರ ಮುಂದೆ ‘ಕೂಸಿಗೆ ನೀರು ಬೇಕು’ ಎಂದು ಬರೆದ. ಅವಸರಕ್ಕೆ ಅಕ್ಷರ ಸೊಟ್ಟಗಾಯಿತು. ಓಡಿ ಹೋಗಿ ಹಾಳೆಯನ್ನು ಪೆಟ್ಟಿಗೆಗೆ ಹಾಕಿದ. ಆಳು ಪೆಟ್ಟಿಗೆಯನ್ನು ಹೊತ್ತುಕೊಂಡು ಒಳಗೆ ಹೋದ, ಬಾಗಿಲು ಮುಚ್ಚಿತು.

ಅಲ್ಲಿಗೆ ಅವನ ಕೆಲಸ ಮುಗಿದಿತ್ತು. ದಿನವೂ ಅಲ್ಲಿಗೇ ಮುಗಿಯುತ್ತಿತ್ತು. ಆದರೆ ತೋಳಿನಲ್ಲಿ ಆ ಬಿಸಿ ಇನ್ನೂ ಇತ್ತು. ಅವನು ತನಗೆ ಕುಡಿಯಲು ಇಟ್ಟುಕೊಂಡಿದ್ದ ನೀರಿನ ಕೊಡವನ್ನು ಹೆಗಲಿಗೇರಿಸಿ, "ಯಾವ ದಾರಿ?" ಎಂದು ಅವಳನ್ನು ಕೇಳಿದ. ಇಬ್ಬರೂ ನಡೆದರು. ನಡೆಯುತ್ತ ಅವನಿಗೆ ಹಿಂದಿನಿಂದ ಬಂಡಿಯ ಗಾಲಿಯ ಸಪ್ಪಳ ಕೇಳಿದಂತಾಗುತ್ತಿತ್ತು. ತಿರುಗಿ ನೋಡಿದರೆ ದಾರಿಯ ಮೇಲೆ ಧೂಳು ಎದ್ದಂತೆಯೂ ಇತ್ತು, ಏಳದಂತೆಯೂ ಇತ್ತು. ತಾನು ಇನ್ನೂ ಕನಸಿನಲ್ಲಿದ್ದೇನೋ, ಹೊರಗೆ ಬಂದಿದ್ದೇನೋ ಅವನಿಗೆ ಗೊತ್ತಾಗಲಿಲ್ಲ. ಕೊಡ ತುಳುಕದಂತೆ ಹಿಡಿದುಕೊಂಡು ನಡೆದ.

ಇಷ್ಟಕ್ಕೆ ಅಯ್ಯನವರು ಕತೆ ನಿಲ್ಲಿಸಿದರು. ಕನ್ನಡಕ ತೆಗೆದು ಧೋತರದ ಅಂಚಿನಿಂದ ಒರೆಸತೊಡಗಿದರು.

ಪ್ರಿಸ್ಕಿಲ್ಲ ಕಾದಳು. ಅವರು ಮುಂದೆ ಹೇಳುವಂತೆ ಕಾಣಲಿಲ್ಲ. ಅವಳಿಗೆ ತಡೆಯಲಾಗಲಿಲ್ಲ. ಕೂತಲ್ಲಿಂದ ಅರ್ಧ ಎದ್ದಿದ್ದಳು, ಕಣ್ಣಲ್ಲಿ ನೀರು ನಿಂತಿತ್ತು.

"ಕೂಸು?" ಎಂದಳು, ನಡುಗುವ ದನಿಯಲ್ಲಿ. "ಅಯ್ಯನವರೇ, ಆ ಕೂಸು ಉಳೀತೇನ್ರಿ?"

"ಕತಿಯಾಗಿನ ಇಲ್ಲದ ಕೂಸಿಗೆ ಈ ದನಿ ಬಂತು ನೋಡವ್ವಾ, ಇರೋ ಕೂಸುಗಳಿಗೂ ಇದ ದನೀಲೆ ದೇವರನ್ನ ಕೇಳು."