ಬಾಳವ್ವನ ತೊಟ್ಟಿಲ

ತೊಟ್ಟಿಲ ತೂಗೂದು ನಿಲ್ಲಸ್ರಿ, ಕೂಸು ಮಲಗೇತಿ. ಹೆಸರಿಡಾಕ ಇನ್ನೂ ಹೊತ್ತೈತಿ. ಅಷ್ಟರಾಗ ಬಾಳವ್ವನ ಸುದ್ದಿ ಹೇಳತೀನಿ, ನಡುವ ಬಾಯಿ ಹಾಕಬ್ಯಾಡ್ರಿ.

ಭಾಳ ಹಿಂದ, ನಮ್ಮ ಮುತ್ತಜ್ಜಿಯ ಮುತ್ತಜ್ಜಿ ಇನ್ನೂ ಹುಟ್ಟಿದ್ಲೋ ಇಲ್ಲೋ, ಇದ ಹೊಳಿದಂಡಿ ಊರಾಗ ಬಾಳವ್ವ ಅಂತ ಒಬ್ಬಾಕಿ ಇದ್ಲಂತ. ಗಂಡ ಹೊಳಿ ಪಾಲಾಗಿದ್ದ. ಹೊಟ್ಟ್ಯಾಗಿನ ಕೂಸೊಂದ ಆಕಿಗೆ ಉಳದ ಆಸರ. ಹೆಣ್ಣು ಹಡದ್ಲು. ಹೆಸರಿಡೂ ದಿನ ಗೊತ್ತಾತು.

ಅವತ್ತ ಮುಂಜಾನೆ ದೇಸಾಯಿ ವಾಡೇದ ಆಳುಮಗಳು ಸೆಗಣಿ ಬುಟ್ಟಿ ಹೊತ್ತು ಓಡಿ ಬಂದ್ಲಂತ. ಬುಟ್ಯಾಗ ಸೆಗಣಿ ಎಲ್ಲಿದು, ಹೆಣ್ಣು ಹಸಗೂಸು! ದೇಸಾಯಿ ಮಗಳು, ಗಂಡ ಸತ್ತ ಹುಡುಗಿ, ಬಾಳವ್ವ ಹಡದ ವಾರದಾಗ ತಾನೂ ಹಡದು ಕಾಳಿನ ಖೋಲ್ಯಾಗ ಮುಚ್ಚಿಟ್ಟಿದ್ದ ಕೂಸು. ಅಪ್ಪಗ ಸುಳಿವು ಸಿಕ್ಕಿತು. ಹೊಳಿಗೆ ಒಗದು ಬಾ ಅಂದನಂತ. ಆಳುಮಗಳಿಗೆ ಮನಸಾಗಲಿಲ್ಲ.

ಬಾಳವ್ವ ಏನೂ ಕೇಳಲಿಲ್ಲಂತ. ಕೂಸನ್ನ ಎದಿಗೆ ಹಚ್ಚಿಕೊಂಡ್ಲು. ತನ್ನ ಹಳೇ ಸೀರಿ ಹರದು ಎರಡಕ್ಕೂ ಒಂದ ನಮೂನಿ ಸುತ್ತಿ ಒಂದ ತೊಟ್ಟಿಲದಾಗ ಹಾಕಿದ್ಲು.

ಹೆಣ್ಣಮಕ್ಕಳು ಕೂಡಿದ್ರು. ಅಷ್ಟರಾಗ ಹೊರಗ ಕುದುರಿ ಸಪ್ಪಳ. ದೇಸಾಯಿ! ಆಳುಮಗಳು ಎತ್ತ ಹೋದ್ಲು ಅನ್ನೂದು ಅವನಿಗೆ ಗೊತ್ತಾಗಿತ್ತು. ಕಟ್ಟಿ ಮ್ಯಾಲ ಚಪ್ಪಲಿ ಬಿಟ್ಟು ಹೊಸ್ತಲದಾಗ ನಿಂತನಂತ. ತೊಟ್ಟಿಲ ಶಾಸ್ತ್ರ ನಡದಾಗ ಗಂಡಸು ಒಳಗ ಬರೂಹಂಗಿಲ್ಲ, ಅವನ ತಾಯಿ ಕಲಿಸಿದ್ದ ಮಾತದು. ಮತ್ತ ಆಗಿನವರು ಹೆಸರಿಲ್ಲದ ಕೂಸನ್ನ ಕೂಸು ಅಂತಿರಲಿಲ್ಲ. ಹೆಸರು ಬಿದ್ದ ಕೂಸಿಗೆ ಕೈ ಹಚ್ಚಿದವನ ಮನಿ ಹಾಳಾಗತೈತಿ ಅಂತಿದ್ರು. ಅದಕ ದೇಸಾಯಿ, ನಿಮ್ಮ ಶಾಸ್ತ್ರ ಮುಗಿಸ್ರಿ, ಹೆಸರಿಲ್ಲದ್ದು ಉಳೀತೈತಲ್ಲ, ಅದನ್ನ ಒಯ್ತೀನಿ ಅಂದನಂತ.

ಯವ್ವಾ, ಒಳಗಿದ್ದವರ ಜೀವ ಬಾಯಿಗೆ ಬಂದಿತ್ತು! ಆದರೂ ತೊಟ್ಟಿಲ ಸುತ್ತ ಗುಂಪು ಕಟ್ಟಿದ್ರು. ಮೊದಲು ಶಾಸ್ತ್ರದ ಗುಂಡುಕಲ್ಲು, ಆಮ್ಯಾಲ ಕೂಸುಗಳು. ನಾವು ಈಗಲೂ ಕೊಡತೀವಲ್ಲ, ಹಂಗ, ತೊಟ್ಟಿಲ ಮ್ಯಾಲಿಂದ ಒಬ್ಬಾಕಿ ಕೊಡೂದು, ಕೆಳಗಿಂದ ಇನ್ನೊಬ್ಬಾಕಿ ತಗೊಳ್ಳೂದು. ಮ್ಯಾಲಿಂದ ಹೋದದ್ದು ಯಾವುದು, ಕೆಳಗಿಂದ ಬಂದದ್ದು ಯಾವುದು, ಕೊಟ್ಟವರಿಗೂ ನೆಪ್ಪು ಹಾರಿತಂತ. ಬಾಳವ್ವನ ನಾದನಿ ಬಗ್ಗಿ ಕೂಸಿನ ಕಿವ್ಯಾಗ ಕುರ್ರ್ ಅಂದು, ಕಾಶವ್ವ ಅಂತ ಕೂಗಿದ್ಲು. ಆಕಿ ಬೆನ್ನಿಗೆ ಶಾಸ್ತ್ರದ ಗುದ್ದು ಬಿದ್ವು. ಎದ್ದಾಕಿ ಮತ್ತ ಬಗ್ಗಿದ್ಲು. ಕುರ್ರ್, ನಿಂಬೆವ್ವ!

ಎರಡನೇ ಹೆಸರು ಕೇಳಿದ್ದ ತಡ, ದೇಸಾಯಿ ಹೊಸ್ತಲ ದಾಟಿ ಬಂದ. ಈ ಹಾದರದ ಹೆಸರು ನಾ ಒಪ್ಪೂದಿಲ್ಲ, ಹೆತ್ತಾಕಿ ಎತ್ತಿಕೊಂಡ ಕೂಸಿನ ಹೆಸರಷ್ಟ ಖರೆ ಅಂದ. ಬಾಳವ್ವಾ, ನಿಂದು ಯಾವುದು ಎತ್ತಿಕೋ, ನಿನ್ನ ಕೂಸಿನ ಗೊಡವಿ ನನಗ ಬ್ಯಾಡ ಅಂದ.

ಎತ್ತಿಕೊಂಡಿದ್ರ ಮುಗದು ಹೋಗತಿತ್ತು. ತಾಯಿಗೆ ಗೊತ್ತಿರೂದಿಲ್ಲೇನು? ಆದರ ಬಾಳವ್ವ ಕೈ ಕಟ್ಟಿಕೊಂಡು ನಿಂತ್ಲಂತ. ತನ್ನ ಕರುಳಿನ ಕಡೆ ಕಣ್ಣು ಸುದ್ದಾ ಹೊಳ್ಳಸಲಿಲ್ಲಂತ. ಹಂಗಾರ ಎರಡನ್ನೂ ಒಯ್ತೀನಿ ಅಂದ ದೇಸಾಯಿ. ಆಗ ಒಂದ ಮಾತು ಆಡಿದ್ಲಂತ.

“ಒಯ್ಯಿ. ಎರಡೂ ನನ್ನವ. ಹೆಸರಿದ್ದವ.”

ದೇಸಾಯಿ ತೊಟ್ಟಿಲಕ್ಕ ಬಗ್ಗಿದ. ಎರಡೂ ಕೂಸು ಒಮ್ಮೆಲೆ ಚಿಟ್ಟನೆ ಚೀರಿದ್ವು. ಅವನು ತಿರುಗಿ ಬಾಳವ್ವನ್ನ ನೋಡಿದ. ಆಕಿ ಕುಪ್ಪಸ ಎರಡೂ ಕಡೆ ಹಾಲಿಲೆ ತೊಯ್ದಿತ್ತಂತ. ಅವನ ಕೈ ಅಲ್ಲೇ ನಿಂತು ಬಿಡ್ತು. ಮುಖ ತಗ್ಗಿಸಿ ಹೊರಗ ಹೋದ, ಬಿಟ್ಟ ಚಪ್ಪಲಿನೂ ಮರತ. ಆ ಚಪ್ಪಲಿ ಕಟ್ಟಿ ಮ್ಯಾಲ ಕೊಳತು ಹೋದ್ವಂತ, ಒಬ್ಬರೂ ಮುಟ್ಟಲಿಲ್ಲ.

ಮರುದಿನಾನ ಬಾಳವ್ವ ತೊಟ್ಟಿಲ ತಂದು ಆ ಕಟ್ಟಿ ಮ್ಯಾಲ ತೂಗಬಿಟ್ಲು. ಆಮ್ಯಾಲ ಅದು ಖಾಲಿ ಇದ್ದದ್ದ ಇಲ್ಲಂತ. ಬರ ಬಿದ್ದಾಗ ಬಿಟ್ಟು ಹೋದ ಕೂಸುಗಳು, ತಾಯಿ ಸತ್ತವು, ಯಾರಿಗೂ ಬ್ಯಾಡಾದವು. ಎಲ್ಲಿ ಬಾಣಂತಿ ಒಬ್ಬಾಕೀನ ಅದಾಳಂದ್ರ ಅಲ್ಲಿ ಹೋಗಿ ನೀರು ಕಾಸತಿದ್ಲು, ಹಾಲು ಸಾಲದವರಿಗೆ ಹಾಲಿದ್ದವರನ್ನ ಕೈ ಹಿಡದು ಎಳಕೊಂಡು ಬರತಿದ್ಲು. ಬೈಯೂದೂ ಹಂಗ ಬೈತಿದ್ಲಂತ, ನಾನು ಏನ್ ಬೈದೀನು ಅದರ ಮುಂದ! ಕೂದಲ ಬೆಳ್ಳಗಾಗಿ, ಬೆನ್ನು ಬಾಗಿ, ಕಣ್ಣು ಮಂಜಾದರೂ ತೊಟ್ಟಿಲದ ಹಗ್ಗ ಕೈ ಬಿಡಲಿಲ್ಲ. ಆದರ ಯಾವಾಕಿ ತನ್ನ ಹೊಟ್ಟಿ ಮಗಳು ಅನ್ನೂದನ್ನ ಮಾತ್ರ ಯಾರಿಗೂ ಹೇಳಲಿಲ್ಲ. ಕಾಶವ್ವ ಅತ್ತು ಕೇಳಿದ್ಲು, ನಿಂಬೆವ್ವ ಸಿಟ್ಟಾಗಿ ಕೇಳಿದ್ಲು. ಹೇಳಲಿಲ್ಲ.

ಸಾಯೂಮುಂದ ಕಾಶವ್ವನ್ನ ಹತ್ತರ ಕರದು ಕಿವ್ಯಾಗ ಏನೋ ಅಂದ್ಲು. ಆಮ್ಯಾಲ ನಿಂಬೆವ್ವನ್ನ ಕರದು ಅಂದ್ಲು. ಕಣ್ಣು ಮುಚ್ಚಿದ್ಲು.

ಅವತ್ತಿಂದ ಅಕ್ಕತಂಗ್ಯಾರು ಒಬ್ಬರಿಗೊಬ್ಬರು ಸೋಲಾಕತ್ತಿದ್ರಂತ. ಬಿಸಿ ರೊಟ್ಟಿ ನೀ ತಿನ್ನು, ಅವ್ವನ ಸೀರಿ ನೀ ಉಟಕೋ. ಒಂದಿನ ಇದ ಜಗಳಾಗಿ, ಕಾಶವ್ವ ತಡೀಲಾರದ ಅಂದು ಬಿಟ್ಲು, ಪಾಪ, ನಿನಗ ಹೆಂಗ ಹೇಳ್ಲೇ, ಹೊಟ್ಟಿ ಮಗಳು ನಾನ ಅಂತ ಅವ್ವ ಹೇಳ್ಯಾಳ, ನೀ ನೊಂದೀ ಅಂತ ಮುಚ್ಚಿಟ್ಟೆ. ನಿಂಬೆವ್ವನ ಕಿವ್ಯಾಗೂ ಅದ ಮಾತು ಅಂದಿದ್ಲಲ್ಲ ಬಾಳವ್ವ! ಇಬ್ಬರೂ ತೊಟ್ಟಿಲದ ಹಗ್ಗ ಹಿಡದು ನಕ್ಕರಂತ, ನಕ್ಕು ನಕ್ಕು ಅತ್ತರಂತ.

ಅದಕ ಬ್ಯಾರೆ ಊರಾಗ ತೊಟ್ಟಿಲಕ್ಕ ಒಂದು ಗುಂಡುಕಲ್ಲಾದರ ನಮ್ಮೂರಾಗ ಎರಡು. ಅದಕ ಸೋದರತ್ತಿ ಹೆಸರು ಹೇಳೂಕಿಂತ ಮೊದಲು, ಬಂದ ಹೆಣ್ಣಮಕ್ಕಳೆಲ್ಲಾ ಒಬ್ಬೊಬ್ಬರ ಬಗ್ಗಿ, ನೀ ನನ್ನ ಕೂಸು ಅಂತ ಕಿವ್ಯಾಗ ಅಂತೀವಿ.

ನೋಡ್ರಿ, ಎದ್ದು ಕಾಲು ಬಡಿಯಾಕತ್ತೇತಿ. ಏ ಫಕೀರವ್ವಾ, ಗಂಡ ಸತ್ತಾಕಿ ಅಂತ ಮೂಲಿ ಯಾಕ ಹಿಡದೀ? ಬಾಳವ್ವಗ ಏನ್ ಗಂಡ ಇದ್ದನ? ಬಾ, ನೀನ ಮೊದಲ ಬಗ್ಗು.